ಹೊಸ್ತಿಲು ದಾಟುವ ಸಾಧನಗಳು

2018ರ ಏಪ್ರಿಲ್‌ನಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಒಂದು ಕಳವು ಪತ್ತೆಯಾಯಿತು. ಕ್ಯಾಲಿಫೋರ್ನಿಯಾದ ಈ ಪ್ರಯೋಗಾಲಯವೇ ಮಂಗಳನ ನೆಲದ ಮೇಲೆ ರೋವರ್‌ಗಳನ್ನು ಓಡಿಸುವುದು. ಅದರ ಜಾಲದೊಳಗೆ ನುಸುಳಿದವರು ಸುಮಾರು ಹತ್ತು ತಿಂಗಳು ಯಾರ ಕಣ್ಣಿಗೂ ಬೀಳದೆ ಓಡಾಡಿ, 23 ಕಡತಗಳಲ್ಲಿದ್ದ ಸುಮಾರು 500 ಎಂಬಿ ಮಾಹಿತಿಯನ್ನು ಹೊತ್ತೊಯ್ದಿದ್ದರು. ಒಳಗೆ ಕೈಚಾಚಲು ಅವರಿಗೆ ನೆರವಾದದ್ದು ಒಂದು ರಾಸ್‌ಬೆರಿ ಪೈ, ಶಾಲಾ ಮಕ್ಕಳೂ ವಿಜ್ಞಾನದ ಮಾದರಿಗಳಿಗೆ ಬಳಸುವ ಅಂಗೈಯಗಲದ ಕಂಪ್ಯೂಟರ್. ಅನುಮತಿಯಿಲ್ಲದೆ ಅದನ್ನು ಯಾರೋ ಜಾಲಕ್ಕೆ ಸಿಕ್ಕಿಸಿದ್ದರು, ಅದು ಅಲ್ಲಿದೆಯೆಂಬುದು ಜಾಲ ಕಾಯುವವರಿಗೆ ಗೊತ್ತೇ ಇರಲಿಲ್ಲ.

2019ರ ಜೂನ್‌ನಲ್ಲಿ ನಾಸಾದ ತನಿಖಾ ಕಚೇರಿ ಪ್ರಕಟಿಸಿದ ವರದಿಯ ಒಂದು ವಿವರ ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ. ಹೊಸ ಸಾಧನ ಬಂದಾಗಲೆಲ್ಲ ಅದನ್ನು ಒಂದು ದತ್ತಾಂಶ ಪಟ್ಟಿಗೆ ಸೇರಿಸಬೇಕೆಂಬ ನಿಯಮ ಅಲ್ಲಿತ್ತು. ಆ ಪಟ್ಟಿ ಕೆಲವೊಮ್ಮೆ ಕೈಕೊಡುತ್ತದೆ, ಆಮೇಲೆ ಬರೆಯೋಣವೆಂದುಕೊಂಡರೆ ಮರೆತುಹೋಗುತ್ತದೆ ಎಂದು ಒಬ್ಬ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಹೇಳಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸು ಬಾರದು. ಈ ಕೆಲಸ ಮಾಡಿದ ಯಾರಿಗಾದರೂ ಅದು ತಮ್ಮದೇ ಮಾತು ಅನ್ನಿಸುತ್ತದೆ. ಮನುಷ್ಯರ ನೆನಪನ್ನು ನಂಬಿ ಬಾಗಿಲು ಕಾಯಲಾಗದು. ಹಾಗಾದರೆ ಬಾಗಿಲಿಗೇ ವಿಚಾರಿಸುವ ಬುದ್ಧಿ ಕೊಡುವುದು ಹೇಗೆ? ಕಂಪ್ಯೂಟರ್‌ಗಳನ್ನು ಜಾಲಕ್ಕೆ ಬೆಸೆಯುವ ಸ್ವಿಚ್ ಒಂದು ಕಂಪನಿಯದು, ಲ್ಯಾಪ್‌ಟಾಪ್ ಇನ್ನೊಂದರದು, ಒಳಗಿನ ತಂತ್ರಾಂಶ ಮತ್ತೊಂದರದು. ಇವೆಲ್ಲ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳಬೇಕು? ಆ ಭಾಷೆ ಯಾರ ಸೊತ್ತಾಗಿರಬೇಕು? ಇಪ್ಪತ್ತೈದು ವರ್ಷಗಳಿಗೂ ಮೀರಿ ಎಂಜಿನಿಯರುಗಳು ಈ ಪ್ರಶ್ನೆಯ ಜೊತೆ ಸೆಣಸುತ್ತಿದ್ದಾರೆ. ಒಂದು ಭಾಗದಲ್ಲಿ ಪೂರ್ತಿ ಗೆದ್ದಿದ್ದಾರೆ, ಇನ್ನೊಂದರಲ್ಲಿ ಎಡವಿದ್ದಾರೆ. ಗೆದ್ದದ್ದು ಏಕೆ, ಎಡವಿದ್ದು ಏಕೆ ಎಂದು ನೋಡುವುದೇ ಈ ಲೇಖನದ ಕೆಲಸ.

ಗೆದ್ದ ಕಥೆ ಶುರುವಾಗುವುದು ಮೋಡೆಮ್‌ಗಳ ಕಾಲದಲ್ಲಿ. ಟೆಲಿಫೋನ್ ತಂತಿಯ ಮೇಲೆ ಕಿರುಗುಟ್ಟಿ ಇಂಟರ್ನೆಟ್ ಹಿಡಿಯುತ್ತಿದ್ದ ಆ ಪೆಟ್ಟಿಗೆಗಳನ್ನು ನಲವತ್ತು ದಾಟಿದವರು ಮರೆತಿರಲಾರರು. ಊರೂರಿನಿಂದ ಬರುವ ಕರೆಗಳನ್ನು ಎತ್ತಿಕೊಳ್ಳಲು ಸೇವಾ ಕಂಪನಿಗಳು ಹತ್ತಾರು ಕಡೆ ಮೋಡೆಮ್‌ಗಳ ಸಾಲುಗಳನ್ನೇ ಇಟ್ಟಿದ್ದವು. ಪ್ರತಿಯೊಂದು ಕಡೆಯೂ ಗ್ರಾಹಕರ ಪಾಸ್‌ವರ್ಡ್ ಪಟ್ಟಿ ಇಡುವುದು ಆಗದ ಮಾತು. ಪಟ್ಟಿ ಒಂದೇ ಕಡೆ ಇರಲಿ, ಬಾಗಿಲಲ್ಲಿರುವ ಪೆಟ್ಟಿಗೆ ಅಲ್ಲಿಗೆ ಕೇಳಿ ಬರಲಿ ಎಂಬ ಉಪಾಯವನ್ನು 1990ರ ದಶಕದ ಆರಂಭದಲ್ಲಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಅಮೆರಿಕದ ಕಂಪನಿ ರೂಪಿಸಿತು. ಅದಕ್ಕೆ ರೇಡಿಯಸ್ ಎಂದು ಹೆಸರಾಯಿತು. ಹೆಸರಿನೊಳಗೆ ಇವತ್ತಿಗೂ ‘ಡಯಲ್-ಇನ್’ ಎಂಬ ಪದ ಅಡಗಿದೆ, ಡಯಲ್ ಮಾಡುವವರು ಮಾತ್ರ ಉಳಿದಿಲ್ಲ. ಆ ಕಂಪನಿ ತನ್ನ ಭಾಷೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಅದು 1997ರ ಜನವರಿಯಲ್ಲಿ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್, ಅಂದರೆ ಐಇಟಿಎಫ್‌ನ ಆರ್‌ಎಫ್‌ಸಿ 2058 ಎಂಬ ದಾಖಲೆಯಾಗಿ ಹೊರಬಂತು. 2000ದ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 2865 ಇವತ್ತಿಗೂ ರೇಡಿಯಸ್‌ನ ಮೂಲ ಪಠ್ಯ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಅದರಂತೆ ತಂತ್ರಾಂಶ ಬರೆಯಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಮುಕ್ತ ಮಾನದಂಡ ಎಂದಾಗ ನನ್ನ ಮನಸ್ಸಿನಲ್ಲಿರುವುದು ಇಷ್ಟೇ.

ಇದರ ಜೊತೆಗೆ ಇನ್ನೊಂದು ಎಳೆ ಸೇರಿತು. ಗುರುತು ತೋರಿಸುವ ರೀತಿಗಳು ಬದಲಾಗುತ್ತಲೇ ಇರುತ್ತವೆ. ಇವತ್ತು ಪಾಸ್‌ವರ್ಡ್, ನಾಳೆ ಸ್ಮಾರ್ಟ್ ಕಾರ್ಡ್, ನಾಡಿದ್ದು ಡಿಜಿಟಲ್ ಪ್ರಮಾಣಪತ್ರ. ಪ್ರತಿ ಸಲವೂ ಬಾಗಿಲನ್ನೇ ಕಿತ್ತು ಹೊಸದಿಡಲಾದೀತೇ? 1998ರಲ್ಲಿ ಬಂದ ಇಎಪಿ ಎಂಬ ಮಾನದಂಡ ಇದಕ್ಕೆ ಚಂದದ ಉತ್ತರ ಕೊಟ್ಟಿತು: ಬಾಗಿಲಲ್ಲಿರುವ ಪೆಟ್ಟಿಗೆ ಅಂಚೆಯವನ ಹಾಗೆ ಇರಲಿ, ಕಾಗದ ಒಯ್ದು ಕೊಡಲಿ, ಒಡೆದು ಓದುವುದು ಬೇಡ. ಒಳಗೇನಿದೆ ಎಂಬುದು ಕಳಿಸಿದ ಸಾಧನಕ್ಕೂ ಒಳಗೆ ಕೂತ ಸರ್ವರಿಗೂ ಗೊತ್ತಿದ್ದರೆ ಸಾಕು. 2001ರಲ್ಲಿ ಐಇಇಇ ಸಂಸ್ಥೆ ಈ ಅಂಚೆಯವನನ್ನು ಕಚೇರಿಯ ಗೋಡೆಯೊಳಗಿನ ಈಥರ್ನೆಟ್ ಪೋರ್ಟಿಗೂ ತಂದಿತು. ಅದೇ 802.1ಎಕ್ಸ್. ಇಡೀ ವಿಷಯದ ನಡುಗಂಬ ಅದು.

ಅದು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದರ ಸೊಗಸು ಗೊತ್ತಾಗುತ್ತದೆ. ನೀವು ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚುತ್ತೀರಿ, ಸ್ವಿಚ್‌ನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ನೋಡುವವರಿಗೆ ಸಂಪರ್ಕ ಸಿಕ್ಕಂತೆ ಕಾಣುತ್ತದೆ, ಆದರೆ ಪೋರ್ಟ್ ಇನ್ನೂ ಮುಚ್ಚಿಯೇ ಇದೆ. 888ಇ ಎಂಬ ಗುರುತು ಹೊತ್ತ ಚೌಕಟ್ಟುಗಳು ಮಾತ್ರ ಹಾಯುವಷ್ಟು ಸಣ್ಣ ಕಿಂಡಿಯೊಂದು ತೆರೆದಿರುತ್ತದೆ. ಬೇರೇನು ಕಳಿಸಿದರೂ ಸ್ವಿಚ್ ಅಲ್ಲೇ ಬಿಸಾಡುತ್ತದೆ. ಲ್ಯಾಪ್‌ಟಾಪ್‌ಗೆ ಒಂದು ಐಪಿ ವಿಳಾಸವೂ ಸಿಕ್ಕಿರುವುದಿಲ್ಲ. ಆ ಕಿಂಡಿಯಿಂದ ಸ್ವಿಚ್ ಮೊದಲು ‘ಯಾರು?’ ಎಂದು ಕೇಳುತ್ತದೆ. ಲ್ಯಾಪ್‌ಟಾಪ್ ಹೆಸರು ಹೇಳುತ್ತದೆ. ಸ್ವಿಚ್ ಆ ಹೆಸರನ್ನು ರೇಡಿಯಸ್ ಲಕೋಟೆಯಲ್ಲಿ ಹಾಕಿ ಒಳಗಿನ ಸರ್ವರಿಗೆ ದಾಟಿಸುತ್ತದೆ. ಆಮೇಲೆ ಸರ್ವರ್ ಮತ್ತು ಲ್ಯಾಪ್‌ಟಾಪ್ ನಡುವೆ ಸವಾಲು ಜವಾಬು ನಡೆಯುತ್ತದೆ. ಇಬ್ಬರೂ ತಮ್ಮ ಪ್ರಮಾಣಪತ್ರ ತೋರಿಸುತ್ತಾರೆ, ಪರಸ್ಪರ ಸಹಿ ಪರೀಕ್ಷಿಸುತ್ತಾರೆ. ಸ್ವಿಚ್ ನಡುವೆ ನಿಂತು ಸಾಗಿಸುತ್ತದೆ, ಒಂದಕ್ಷರವೂ ಅದಕ್ಕೆ ಅರ್ಥವಾಗುವುದಿಲ್ಲ. ಕೊನೆಗೆ ಸರ್ವರ್ ‘ಬಿಡು’ ಎನ್ನುತ್ತದೆ, ಯಾವ ವಿಲ್ಯಾನ್‌ಗೆ, ಅಂದರೆ ಜಾಲದ ಯಾವ ಅಂಕಣಕ್ಕೆ, ಬಿಡಬೇಕೆಂದೂ ಹೇಳುತ್ತದೆ. ಲೆಕ್ಕಪತ್ರ ವಿಭಾಗದವರಾದರೆ ಒಂದು ಅಂಕಣ, ಅತಿಥಿಯಾದರೆ ಇನ್ನೊಂದು. ಸ್ವಿಚ್ ಲ್ಯಾಪ್‌ಟಾಪ್‌ಗೆ ನಾಲ್ಕೇ ಬೈಟಿನ ‘ಯಶಸ್ಸು’ ಸಂದೇಶ ಕಳಿಸಿ ಪೋರ್ಟ್ ತೆರೆಯುತ್ತದೆ. ಇದೆಲ್ಲ ಮುಗಿಯಲು ಸಾಮಾನ್ಯವಾಗಿ ಒಂದೆರಡು ಸೆಕೆಂಡು ಸಾಕು.

ನಾನು ಮೊದಲ ಸಲ ಇದನ್ನು ಸ್ವಂತ ಕೈಯಿಂದ ಕಟ್ಟಿದ್ದು ಒಂದು ಸಣ್ಣ ಕಾಲೇಜಿನ ಲ್ಯಾಬ್‌ನಲ್ಲಿ. ಪರವಾನಗಿ ಕೊಳ್ಳಲು ಹಣವಿರಲಿಲ್ಲ. ಒಂದು ಹಳೆಯ ಡೆಸ್ಕ್‌ಟಾಪ್ ಮೇಲೆ ಲಿನಕ್ಸ್ ಹಾಕಿ ಫ್ರೀರೇಡಿಯಸ್ ನಿಲ್ಲಿಸಿದೆ. ಆ ತಂತ್ರಾಂಶವನ್ನು 1999ರಲ್ಲಿ ಆಲನ್ ಡಿಕಾಕ್ ಮತ್ತು ಮಿಕೆಲ್ ಫಾನ್ ಸ್ಮೂರೆನ್‌ಬುರ್ಗ್ ಶುರು ಮಾಡಿದರು, ಇವತ್ತು ದೊಡ್ಡ ದೊಡ್ಡ ದೂರಸಂಪರ್ಕ ಕಂಪನಿಗಳೂ ಅದನ್ನೇ ನಡೆಸುತ್ತವೆ. ಪರದೆಯ ಮೇಲೆ ಸಾಲುಗಳು ಹರಿದುಹೋಗುತ್ತಿದ್ದವು. ಲ್ಯಾಬ್ ಸಹಾಯಕರು ಹಿಂದಿನ ಬೆಂಚಿನಿಂದ ಕೂಗಿದರು, ‘ಸಾರ್, ಲೈಟ್ ಬಂತು, ನೆಟ್ ಬರ್ತಿಲ್ಲ.’ ‘ಇನ್ನೊಂದ್ಸಲ ಕೇಬಲ್ ತೆಗ್ದು ಹಾಕಿ, ಗೌಡ್ರೆ,’ ಅಂದೆ. ನಾನು ಸ್ವಿಚ್‌ನಲ್ಲಿ ಬರೆದ ಗುಪ್ತಪದದಲ್ಲಿ ಒಂದಕ್ಷರ ತಪ್ಪಿತ್ತು. ಸರಿಪಡಿಸಿದ ಮೇಲೆ ‘ಆಕ್ಸೆಸ್-ಆಕ್ಸೆಪ್ಟ್’ ಎಂಬ ಸಾಲು ಬಂದಾಗ ಆ ಹಳೆಯ ಡಬ್ಬದ ಮೇಲೆ ನನಗೆ ಹುಟ್ಟಿದ ಪ್ರೀತಿ ಇನ್ನೂ ಇದೆ. ಸ್ವಿಚ್ ಒಂದು ದೇಶದ್ದು, ಕಂಪ್ಯೂಟರ್ ಇನ್ನೊಂದರದು, ತಂತ್ರಾಂಶ ಎಲ್ಲೆಲ್ಲಿಯದೋ. ಆದರೂ ಮಾತು ಕೂಡಿತು, ಏಕೆಂದರೆ ಮೂರೂ ಒಂದೇ ಪುಸ್ತಕ ಓದಿದ್ದವು.

ವೈ-ಫೈ ಬಾರದೆ ಹೋಗಿದ್ದರೆ 802.1ಎಕ್ಸ್ ಇಷ್ಟು ಹರಡುತ್ತಿರಲಿಲ್ಲ. ಗೋಡೆಯ ಪೋರ್ಟಿಗೆ ಕನಿಷ್ಠ ಕೋಣೆಯ ಬಾಗಿಲಾದರೂ ಇದೆ, ರೇಡಿಯೊ ಅಲೆ ರಸ್ತೆಗೂ ಹರಿಯುತ್ತದೆ. ಅದಕ್ಕೆ ಮೊದಲು ಕೊಟ್ಟ ಬೀಗವಾದ ಡಬ್ಲ್ಯುಇಪಿ ಎಷ್ಟು ದುರ್ಬಲವೆಂದು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ತೋರಿಸಿಕೊಟ್ಟರು. ಅವಸರದಿಂದ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ 802.11ಐ ಬಂದವು. ಸಂಸ್ಥೆಗಳ ಬಳಕೆಗೆಂದು ಎರಡೂ 802.1ಎಕ್ಸ್ ಅನ್ನೇ ಒಳಗಿಟ್ಟುಕೊಂಡವು. ಇವತ್ತು ಆಂಡ್ರಾಯ್ಡ್ ಫೋನ್‌ನಲ್ಲಿ ಕಚೇರಿಯ ವೈ-ಫೈ ಆರಿಸಿ ಹೆಸರು, ಪಾಸ್‌ವರ್ಡ್ ಹೊಡೆಯುವಾಗ ಅದರೊಳಗೆ ಮಾತಾಡುವುದು ಯೌನಿ ಮಾಲಿನೆನ್ ಬರೆಯಲು ತೊಡಗಿದ ಡಬ್ಲ್ಯುಪಿಎ ಸಪ್ಲಿಕೆಂಟ್ ಎಂಬ ಮುಕ್ತ ತಂತ್ರಾಂಶ. ಮಾನದಂಡವನ್ನು ಕಾಗದದ ಮೇಲೆ ಬರೆದರೆ ಅರ್ಧ ಕೆಲಸ. ಅದನ್ನು ಒಳ್ಳೆಯ, ಬಿಟ್ಟಿ ತಂತ್ರಾಂಶವಾಗಿ ಯಾರಾದರೂ ಬರೆದುಕೊಟ್ಟಾಗಲೇ ಅದಕ್ಕೆ ಜೀವ ಬರುವುದು ಎಂಬ ನನ್ನ ನಂಬಿಕೆಗೆ ಫ್ರೀರೇಡಿಯಸ್ ಮತ್ತು ಈ ಸಪ್ಲಿಕೆಂಟ್, ಇವೆರಡೇ ಆಧಾರ.

ಈ ಗೆಲುವಿನ ಅತ್ಯಂತ ಸುಂದರ ರೂಪ ಎಡುರೋಮ್. ನೆದರ್ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವಿರೆಂಗಾ 2002ರಲ್ಲಿ ಮುಂದಿಟ್ಟ ವಿಚಾರ ಅದು: ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದಕ್ಕೆ ಹೋದಾಗ ತನ್ನ ಮನೆಯ ಗುರುತಿನಲ್ಲೇ ಅಲ್ಲಿನ ವೈ-ಫೈ ಬಳಸಲಾಗಬೇಕು. ಈಗ ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ನಮ್ಮಲ್ಲಿ ಅರ್ನೆಟ್ ಇಂಡಿಯಾ ಅದನ್ನು ನೋಡಿಕೊಳ್ಳುತ್ತದೆ. ಇದರಲ್ಲಿ ಸೇರಿದ ಸಂಸ್ಥೆಯೊಂದರ ಕನ್ನಡದ ಹುಡುಗಿ ಆಮ್‌ಸ್ಟರ್‌ಡ್ಯಾಮ್‌ನ ಗ್ರಂಥಾಲಯದಲ್ಲಿ ಫೋನ್ ತೆರೆದಳು ಎಂದುಕೊಳ್ಳಿ. ಅವಳ ಗುರುತಿನ ಕೊನೆಯಲ್ಲಿರುವ ಸಂಸ್ಥೆಯ ಹೆಸರು ನೋಡಿ ಅಲ್ಲಿನ ಸರ್ವರ್ ವಿಚಾರಣೆಯನ್ನು ಮೇಲಿನವರಿಗೆ ದಾಟಿಸುತ್ತದೆ, ಅವರು ಭಾರತಕ್ಕೆ, ಭಾರತದವರು ಅವಳ ಕಾಲೇಜಿಗೆ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಅವಳ ಪಾಸ್‌ವರ್ಡ್ ನಡುವಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ಮುಚ್ಚಿದ ಸುರಂಗದೊಳಗೆ ತವರಿನ ಸರ್ವರ್‌ವರೆಗೂ ಹೋಗುತ್ತದೆ. ಯಾವ ಒಂದು ಕಂಪನಿಯ ಹಂಗೂ ಇಲ್ಲದೆ ಇದು ನಡೆಯುತ್ತಿದೆ. ನಮ್ಮ ಇನ್ನೂ ಹೆಚ್ಚು ಕಾಲೇಜುಗಳು ಇದಕ್ಕೆ ಸೇರಬೇಕೆಂಬುದು ನನ್ನ ಬಹುದಿನದ ಆಸೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಸುರಂಗದ ಆ ತುದಿಯಲ್ಲಿರುವುದು ನಿಜವಾಗಿ ತವರಿನ ಸರ್ವರೇ ಎಂದು ಫೋನ್ ಪರೀಕ್ಷಿಸಬೇಕು. ಇಲ್ಲದಿದ್ದರೆ ಅದೇ ಹೆಸರಿನ ಕಳ್ಳ ವೈ-ಫೈ ಪೆಟ್ಟಿಗೆಯನ್ನು ಯಾರು ಬೇಕಾದರೂ ಪಕ್ಕದಲ್ಲಿಟ್ಟು ಗುರುತು ಕದಿಯಬಹುದು. ಸುರಂಗದೊಳಗೆ ಪಾಸ್‌ವರ್ಡ್ ಪರೀಕ್ಷಿಸಲು ಬಳಸುವ ಎಂಎಸ್-ಚಾಪ್ ವಿಧಾನದ ಎರಡನೇ ಆವೃತ್ತಿಯನ್ನು ಖಂಡಿತವಾಗಿ ಮುರಿಯುವ ದಾರಿಯನ್ನು 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಬಹಿರಂಗವಾಗಿ ತೋರಿಸಿದರು. ಆದರೂ ‘ಪ್ರಮಾಣಪತ್ರ ಪರೀಕ್ಷಿಸಬೇಡ’ ಎಂಬುದನ್ನು ಒತ್ತಿ ಮುಂದೆ ಹೋಗಿ ಎಂದು ಬಳಕೆದಾರರಿಗೆ ಹೇಳಿಕೊಟ್ಟ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಆಂಡ್ರಾಯ್ಡ್ 11ರ ಕಾಲದಿಂದ ಆ ಆಯ್ಕೆಯನ್ನೇ ತೆಗೆಯುತ್ತ ಬಂದದ್ದು ಒಳ್ಳೆಯದಾಯಿತು. ಸಾಧನಕ್ಕೂ ಪ್ರಮಾಣಪತ್ರ ಕೊಟ್ಟು ಪಾಸ್‌ವರ್ಡ್ ಗೊಡವೆಯನ್ನೇ ಬಿಡುವ ಇಎಪಿ-ಟಿಎಲ್‌ಎಸ್ ವಿಧಾನ 1999ರಿಂದಲೂ ಇದೆ, 2022ರಲ್ಲಿ ಅದು ಟಿಎಲ್‌ಎಸ್ 1.3ಕ್ಕೆ ಹೊಂದಿಕೊಂಡು ಹೊಸದಾಯಿತು. ನನ್ನನ್ನು ಕೇಳಿದರೆ, ಹೊಸದಾಗಿ ಕಟ್ಟುವವರು ಬೇರೆ ಯಾವುದನ್ನೂ ನೋಡಬೇಕಿಲ್ಲ.

ಪ್ರಮಾಣಪತ್ರಗಳಿಗೆ ಅವುಗಳದೇ ತಾಪತ್ರಯವಿದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರಿಗೂ ಜಾಲ ಸಿಗಲಿಲ್ಲ. ರೇಡಿಯಸ್ ಸರ್ವರ್‌ನ ಪ್ರಮಾಣಪತ್ರದ ಅವಧಿ ಭಾನುವಾರ ನಡುರಾತ್ರಿಗೆ ಮುಗಿದಿತ್ತು. ದಿನಾಂಕವನ್ನು ಮೂರು ವರ್ಷದ ಹಿಂದೆ ಬರೆದಿಟ್ಟವರು ಕೆಲಸ ಬಿಟ್ಟಿದ್ದರು. ಎಲ್ಲ ಸಾಧನಗಳೂ ತಮಗೆ ಹೇಳಿಕೊಟ್ಟಂತೆ ಸರಿಯಾಗಿಯೇ ನಡೆದುಕೊಂಡಿದ್ದವು, ಅವಧಿ ಮೀರಿದ ಗುರುತನ್ನು ನಂಬಲಿಲ್ಲ. ಹನ್ನೊಂದೂವರೆಯವರೆಗೆ ಫೋನ್‌ಗಳು ಬಿಡುವಿಲ್ಲದೆ ಹೊಡೆದುಕೊಂಡವು. ಆವತ್ತಿನಿಂದ ನಾನು ಕಟ್ಟುವ ಪ್ರತಿ ವ್ಯವಸ್ಥೆಯಲ್ಲೂ ಮೊದಲು ಬರೆಯುವುದು ಪ್ರಮಾಣಪತ್ರದ ಗಡುವನ್ನು ನೆನಪಿಸುವ ನಾಲ್ಕು ಸಾಲು.

ಇಲ್ಲಿಯವರೆಗೆ ಹೇಳಿದ್ದೆಲ್ಲ ‘ನೀನು ಯಾರು’ ಎಂಬ ಪ್ರಶ್ನೆ. ಆದರೆ ಗುರುತಿನವರೇ ರೋಗ ಹೊತ್ತು ತಂದರೆ?

2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಇಂಟರ್ನೆಟ್ ಮೇಲೆ ಬಿತ್ತು. ಅದು ತಗುಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು. ಅಮೆರಿಕದ ಓಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಅಣುಸ್ಥಾವರದಲ್ಲಿ ಫೈರ್‌ವಾಲ್ ಇತ್ತು, ಆ ಹುಳುವನ್ನು ತಡೆಯುವ ಹಾಗೆಯೇ ಇತ್ತು. ಆದರೆ ಒಬ್ಬ ಗುತ್ತಿಗೆದಾರರ ಜಾಲದಿಂದ ಸ್ಥಾವರದ ಕಚೇರಿ ಜಾಲಕ್ಕೆ ಫೈರ್‌ವಾಲನ್ನು ತಪ್ಪಿಸಿ ಹೋಗುವ ಒಂದು ನೇರ ತಂತಿಯಿತ್ತು. ಹುಳು ಆ ತಂತಿಯಲ್ಲಿ ಬಂತು. ಸುರಕ್ಷತೆಯ ಅಳತೆಗಳನ್ನು ತೋರಿಸುವ ಫಲಕ ಸುಮಾರು ಐದು ಗಂಟೆ ಕಣ್ಣು ಮುಚ್ಚಿತು. ಪುಣ್ಯಕ್ಕೆ ರಿಯಾಕ್ಟರ್ ಆಗ ನಿಂತಿತ್ತು. ಈ ರೋಗಕ್ಕೆ ಮದ್ದಾದ ಪ್ಯಾಚನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿತ್ತು, ಹಾಕಿರಲಿಲ್ಲ ಅಷ್ಟೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಇನ್ನೊಂದು ಹುಳು ಬಂತು. ವಾರಾಂತ್ಯದಲ್ಲಿ ಮನೆಗೆ ಒಯ್ದ ಲ್ಯಾಪ್‌ಟಾಪ್‌ಗಳು ಸೋಮವಾರ ಕಚೇರಿಗೆ ರೋಗ ಹೊತ್ತು ಬಂದವು. ಅವುಗಳ ಗುರುತು ಪಕ್ಕಾ ಇತ್ತು, ಆರೋಗ್ಯ ಮಾತ್ರ ಇರಲಿಲ್ಲ.

ಬಾಗಿಲಲ್ಲಿ ಆರೋಗ್ಯವನ್ನೂ ವಿಚಾರಿಸೋಣ ಎಂಬ ಯೋಚನೆ ಹುಟ್ಟಿದ್ದು ಆಗಲೇ. ಪ್ಯಾಚ್ ಹಾಕಿದೆಯೇ, ಆ್ಯಂಟಿವೈರಸ್ ಎಚ್ಚರವಿದೆಯೇ, ಫೈರ್‌ವಾಲ್ ಚಾಲೂ ಇದೆಯೇ? ಇಲ್ಲದಿದ್ದರೆ ಬೇರೆ ಕೋಣೆಗೆ ಕಳಿಸಿ ಮದ್ದು ಕೊಟ್ಟು ಮತ್ತೆ ಕರೆಯುವುದು. ಯೋಚನೆ ಒಂದೇ, ಅದಕ್ಕೆ ಬಂದ ಭಾಷೆಗಳು ಮೂರು. ಸಿಸ್ಕೊ 2003ರ ಕೊನೆಗೆ ತನ್ನ ನೆಟ್‌ವರ್ಕ್ ಅಡ್ಮಿಷನ್ ಕಂಟ್ರೋಲ್ ಘೋಷಿಸಿತು. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ನೆಟ್‌ವರ್ಕ್ ಆಕ್ಸೆಸ್ ಪ್ರೊಟೆಕ್ಷನ್ ಬಗ್ಗೆ ಹೇಳಿತು. ಅದೇ ವರ್ಷ ಹಲವು ಕಂಪನಿಗಳು ಸೇರಿದ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್, ಯಾರ ಕೈಕೆಳಗೂ ಇರದ ಮುಕ್ತ ವಿನ್ಯಾಸವೊಂದನ್ನು ಕೈಗೆತ್ತಿಕೊಂಡಿತು. ಅದರ ಹೆಸರು ಟ್ರಸ್ಟೆಡ್ ನೆಟ್‌ವರ್ಕ್ ಕನೆಕ್ಟ್, ಟಿಎನ್‌ಸಿ. ಮೊದಲ ವಿವರಣೆಗಳು 2005ರಲ್ಲಿ ಹೊರಬಂದವು.

ಟಿಎನ್‌ಸಿ ಒಳ್ಳೆಯ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 802.1ಎಕ್ಸ್, ರೇಡಿಯಸ್‌ಗಳನ್ನು ಅದು ಪಕ್ಕಕ್ಕೆ ತಳ್ಳಲಿಲ್ಲ, ಅವುಗಳ ಮೇಲೆಯೇ ಕಟ್ಟಿತು. ಸಾಧನದೊಳಗೆ ಅಳತೆ ತೆಗೆಯುವ ಸಣ್ಣ ತುಣುಕುಗಳು, ಸರ್ವರ್‌ನಲ್ಲಿ ಅವುಗಳ ಜೋಡಿಯಾಗಿ ಆ ಅಳತೆಯನ್ನು ತೂಗುವ ತುಣುಕುಗಳು. ಆ್ಯಂಟಿವೈರಸ್ ಕಂಪನಿ ತನ್ನ ಜೋಡಿಯನ್ನು ತಾನೇ ಬರೆದುಕೊಡಬಹುದು, ಇನ್ನೊಂದು ಕಂಪನಿ ಇನ್ನೊಂದನ್ನು. 2007ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಆರೋಗ್ಯ ವರದಿಯ ಭಾಷೆಯನ್ನು ಟಿಎನ್‌ಸಿಗೆ ಕೊಟ್ಟುಬಿಟ್ಟಾಗ ಮೂರು ಭಾಷೆಗಳಲ್ಲಿ ಎರಡು ಕೂಡಿಕೊಂಡವು. ಐಇಟಿಎಫ್‌ನಲ್ಲಿ ನೆಟ್‌ವರ್ಕ್ ಎಂಡ್‌ಪಾಯಿಂಟ್ ಅಸೆಸ್‌ಮೆಂಟ್ ಎಂಬ ತಂಡ ಕೂತಿತು. ಅದರ ಅಧ್ಯಕ್ಷತೆ ವಹಿಸಿದವರು ಟಿಎನ್‌ಸಿಯಲ್ಲಿ ದುಡಿದ ಜೂನಿಪರ್‌ನ ಸ್ಟೀವ್ ಹ್ಯಾನಾ ಮತ್ತು ಸಿಸ್ಕೊದ ಸೂಸನ್ ಥಾಮ್ಸನ್. ಎದುರು ಬದುರು ನಿಂತ ಎರಡು ಕಂಪನಿಗಳವರು ಒಂದೇ ಮೇಜಿಗೆ ಬಂದರು. 2008ರಲ್ಲಿ ಅಗತ್ಯಗಳ ಪಟ್ಟಿ ಆರ್‌ಎಫ್‌ಸಿ 5209 ಆಯಿತು, 2010ರಲ್ಲಿ ಎರಡು ಮಾನದಂಡಗಳು, 2013 ಮತ್ತು 2014ರಲ್ಲಿ ಇನ್ನೆರಡು. ಕಾಗದದ ಮೇಲೆ ಕೆಲಸ ಮುಗಿಯಿತು.

ಆದರೆ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷದಲ್ಲಿ ಲೋಕ ಬೇರೆಯಾಗಿತ್ತು. ಕಚೇರಿಗೆ ಬರುವುದು ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್ ಒಂದೇ ಆಗಿದ್ದ ಕಾಲ ಹೋಗಿ, ಪ್ರತಿಯೊಬ್ಬರ ಜೇಬಿನಲ್ಲೂ ಅವರವರದೇ ಫೋನ್ ಬಂದಿತ್ತು. ಅದರೊಳಗೆ ಅಳತೆಯ ತುಣುಕು ಕೂರಿಸಲು ಒಡೆಯರು ಒಪ್ಪುವುದಿಲ್ಲ, ಫೋನ್ ಮಾಡಿದವರೂ ಬಿಡುವುದಿಲ್ಲ. ಮೈಕ್ರೋಸಾಫ್ಟ್ ತನ್ನದನ್ನು ವಿಂಡೋಸ್ ಸರ್ವರ್ 2012 ಆರ್2ರ ಕಾಲಕ್ಕೆ ಬಳಕೆ ತಪ್ಪಲಿರುವುದರ ಪಟ್ಟಿಗೆ ಸೇರಿಸಿ, ವಿಂಡೋಸ್ 10ರಲ್ಲಿ ತೆಗೆದೇಹಾಕಿತು. ಸ್ವಿಟ್ಜರ್ಲೆಂಡ್‌ನಲ್ಲಿ ಆಂಡ್ರಿಯಾಸ್ ಸ್ಟೆಫೆನ್ ಅವರ ಸ್ಟ್ರಾಂಗ್‌ಸ್ವಾನ್ ತಂಡ ಈ ಮಾನದಂಡಗಳಿಗೆ ಒಳ್ಳೆಯ ಮುಕ್ತ ತಂತ್ರಾಂಶ ಬರೆಯಿತು. ಆದರೆ ಜನರ ಕೈಯಲ್ಲಿರುವ ಸಾಧನಗಳಲ್ಲಿ ಅದು ಮೊದಲೇ ಕೂತಿರಲಿಲ್ಲ. ರೇಡಿಯಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ರೇಡಿಯಸ್ ಮೊದಲು ಓಡಿತು, ಆಮೇಲೆ ದಾಖಲೆಯಾಯಿತು. ಇದು ಮೊದಲು ದಾಖಲೆಯಾಗಿ, ಓಡುವವರಿಗಾಗಿ ಕಾಯಿತು.

ಇನ್ನೂ ಆಳದಲ್ಲಿ ಒಂದು ತೊಡಕಿತ್ತು. ಗುರುತನ್ನು ಗಣಿತದಿಂದ ಪರೀಕ್ಷಿಸಬಹುದು. ಗುಟ್ಟಿನ ಕೀಲಿ ಇರುವವರು ಮಾತ್ರ ಆ ಸಹಿ ಹಾಕಬಲ್ಲರು. ಆರೋಗ್ಯದ ವಿಷಯದಲ್ಲಿ ರೋಗಿಯ ಬಾಯಿಮಾತನ್ನೇ ನಂಬಬೇಕಾಗುತ್ತದೆ. ಹುಳು ಹಿಡಿದ ಯಂತ್ರವೇ ‘ನಾನು ಚೆನ್ನಾಗಿದ್ದೇನೆ’ ಎಂದು ವರದಿ ಬರೆದರೆ? ಆರ್‌ಎಫ್‌ಸಿ 5209 ಬರೆದವರು ಈ ಸುಳ್ಳು ಹೇಳುವ ಸಾಧನದ ಸಮಸ್ಯೆಯನ್ನು ಮುಚ್ಚಿಡದೆ ಎತ್ತಿ ಹೇಳಿದ್ದಾರೆ. ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್‌ನ ಉತ್ತರ ಟಿಪಿಎಂ ಎಂಬ ಚಿಪ್. 2009ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ಯಂತ್ರ ಎಚ್ಚರವಾಗುವಾಗ ಮೊದಲ ತಂತ್ರಾಂಶ ಎರಡನೆಯದನ್ನು ಅಳೆದು ಆ ಅಳತೆಯನ್ನು ಚಿಪ್‌ನೊಳಗೆ ಸೇರಿಸುತ್ತದೆ, ಎರಡನೆಯದು ಮೂರನೆಯದನ್ನು. ಹೀಗೆ ಸೇರಿಸುತ್ತ ಹೋಗಬಹುದೇ ಹೊರತು ಯಂತ್ರವನ್ನು ಮತ್ತೆ ಶುರುಮಾಡದೆ ಅಳಿಸಲಾಗದು. ಕೇಳಿದಾಗ ಚಿಪ್ ತನ್ನ ಸಹಿ ಹಾಕಿ ಅಳತೆ ಕೊಡುತ್ತದೆ. ರೋಗಿಯ ಮಾತಲ್ಲ, ರಕ್ತಪರೀಕ್ಷೆಯ ಚೀಟಿ. ಅದನ್ನು ಓದಿ ಇದು ಒಳ್ಳೆಯ ಯಂತ್ರವೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಬಹಳ ಕಷ್ಟದ ಕೆಲಸ, ಏಕೆಂದರೆ ಪ್ರತಿ ಅಪ್‌ಡೇಟ್ ಬಂದಾಗಲೂ ಅಳತೆ ಬದಲಾಗುತ್ತದೆ. 2023ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9334 ದೂರದಿಂದ ಸಾಕ್ಷ್ಯ ಪಡೆಯುವ ಈ ಇಡೀ ಕೆಲಸಕ್ಕೆ ಒಂದು ಸಾಮಾನ್ಯ ವಿನ್ಯಾಸ ಕೊಟ್ಟಿದೆ. ಹಳೆಯ ಸೋಲಿನಿಂದ ಪಾಠ ಕಲಿತವರು ಬರೆದದ್ದೆಂದು ಓದುವಾಗಲೇ ಗೊತ್ತಾಗುತ್ತದೆ: ಯಾರು ಅಳೆಯುತ್ತಾರೆ, ಯಾರು ತೂಗುತ್ತಾರೆ, ಯಾರು ಆ ತೀರ್ಪನ್ನು ನಂಬುತ್ತಾರೆ ಎಂಬುದನ್ನು ಅದು ಬಿಡಿಬಿಡಿಯಾಗಿ ಇಟ್ಟಿದೆ.

ಈಚೆಗೆ ಜೀರೋ ಟ್ರಸ್ಟ್ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಒಳಗೆ, ಹೊರಗೆ ಎಂಬ ಭೇದವೇ ಬೇಡ, ಪ್ರತಿ ವಿನಂತಿಯನ್ನೂ ಹೊಸದಾಗಿ ವಿಚಾರಿಸಿ ಎಂಬುದು ಅದರ ಸಾರ. 2009ರಲ್ಲಿ ತನ್ನ ಮೇಲೆ ನಡೆದ ದಾಳಿಯ ನಂತರ ಗೂಗಲ್ ಈ ದಾರಿ ಹಿಡಿಯಿತು, ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2020ರ ಆಗಸ್ಟ್‌ನಲ್ಲಿ ಅದಕ್ಕೊಂದು ಅಧಿಕೃತ ದಾಖಲೆ ಕೊಟ್ಟಿತು. ಹಾಗಾದರೆ ಪೋರ್ಟ್ ಕಾಯುವ 802.1ಎಕ್ಸ್ ಹಳೆಯ ಸರಕೇ? ನಾನು ಒಪ್ಪುವುದಿಲ್ಲ. ಬ್ರೌಸರ್ ಇರುವ ಲ್ಯಾಪ್‌ಟಾಪ್‌ಗೆ ಆ ಮಾತು ಸಲ್ಲುತ್ತದೆ. ಗೋಡೆಯ ಮೇಲಿನ ಕ್ಯಾಮೆರಾ, ಮೂಲೆಯ ಪ್ರಿಂಟರ್, ಬಾಗಿಲ ಪಕ್ಕದ ಬೆರಳಚ್ಚು ಹಾಜರಿ ಯಂತ್ರ, ಇವು ಪ್ರತಿ ವಿನಂತಿಗೂ ಗುರುತು ತೋರಿಸುವಂಥವಲ್ಲ. ಅವುಗಳ ಪಾಲಿಗೆ ಬಾಗಿಲಲ್ಲಿನ ವಿಚಾರಣೆಯೊಂದೇ ಗತಿ.

ಆ ವಿಚಾರಣೆಗೂ ಉತ್ತರ ಕೊಡಲು ಬಾರದ ಯಂತ್ರಗಳೇ ಬಹಳ. ಅಂಥವಕ್ಕೆ ನಾವೆಲ್ಲ ಮಾಡುವುದು ಮ್ಯಾಕ್ ವಿಳಾಸ ಎಂಬ ಹನ್ನೆರಡು ಅಕ್ಷರದ ಯಂತ್ರಗುರುತನ್ನು ಪಟ್ಟಿಯಲ್ಲಿ ಬರೆದು ಒಳಗೆ ಬಿಡುವುದು. ಪ್ರಿಂಟರ್‌ನ ಬೆನ್ನು ತಿರುಗಿಸಿದರೆ ಆ ಹನ್ನೆರಡು ಅಕ್ಷರ ಸ್ಟಿಕ್ಕರ್ ಮೇಲೆ ಅಚ್ಚಾಗಿರುತ್ತವೆ. ನೋಡಿದ ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪ್‌ಗೆ ಅದೇ ವಿಳಾಸ ಹಾಕಿಕೊಂಡು ಪ್ರಿಂಟರ್‌ನ ಕೇಬಲ್ಲಿಗೆ ಸಿಕ್ಕಿಸಬಹುದು. ಈಗ ಫೋನ್‌ಗಳು ತಮ್ಮ ಮ್ಯಾಕ್ ವಿಳಾಸವನ್ನು ತಾವೇ ಬದಲಿಸಿಕೊಳ್ಳುತ್ತವೆ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಅದೇ ರೂಢಿ. ಬಳಸುವವರ ಖಾಸಗಿತನಕ್ಕೆ ಅದು ಒಳ್ಳೆಯದು, ಆದರೆ ಈ ಪಟ್ಟಿಯ ಪದ್ಧತಿ ಫೋನ್‌ಗಳ ಮಟ್ಟಿಗೆ ಮುಗಿದಂತೆಯೇ. ಯಂತ್ರಗಳಿಗೆ ಕಾರ್ಖಾನೆಯಲ್ಲೇ ಪ್ರಮಾಣಪತ್ರ ಕೊಡುವ 802.1ಎಆರ್ 2009ರಿಂದ ಇದೆ. 2019ರ ಆರ್‌ಎಫ್‌ಸಿ 8520 ಇನ್ನೊಂದು ದಾರಿ ತೋರಿಸಿದೆ: ಈ ಕ್ಯಾಮೆರಾ ಯಾರ ಯಾರ ಜೊತೆ ಮಾತಾಡಬೇಕಾಗುತ್ತದೆ ಎಂದು ತಯಾರಕರೇ ಒಂದು ಕಡತದಲ್ಲಿ ಬರೆದು ಇಡಬೇಕು, ಸ್ವಿಚ್ ಅದನ್ನು ತರಿಸಿಕೊಂಡು ಅಷ್ಟಕ್ಕೇ ದಾರಿ ಬಿಡಬೇಕು. ಕ್ಯಾಮೆರಾ ಲೆಕ್ಕಪತ್ರದ ಸರ್ವರ್ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಉಪಯೋಗದ ಮಾನದಂಡ ಇದು ಎಂಬುದು ನನ್ನ ತೀರ್ಮಾನ. ತಯಾರಕರು ಆ ಕಡತ ಬರೆಯುವ ತೊಂದರೆ ತೆಗೆದುಕೊಳ್ಳುತ್ತಿಲ್ಲ ಎಂಬುದು ನನ್ನ ಸಂಕಟ.

ಮುಕ್ತವಾಗಿದ್ದ ಮಾತ್ರಕ್ಕೆ ಮಾನದಂಡ ಗಟ್ಟಿಯಾಗಿರುತ್ತದೆ ಎಂದು ಯಾರೂ ತಿಳಿಯಬಾರದು. 802.1ಎಕ್ಸ್‌ನ ಹಳೆಯ ಆವೃತ್ತಿ ಒಳಗೆ ಬಿಡುವಾಗ ಒಮ್ಮೆ ವಿಚಾರಿಸಿ ಸುಮ್ಮನಾಗುತ್ತಿತ್ತು. ನಡುವೆ ಒಂದು ಹಬ್ ಇಟ್ಟು, ಗುರುತು ಪಡೆದವರ ಬೆನ್ನಿಗೆ ಇನ್ನೊಬ್ಬರು ನುಸುಳಬಹುದಿತ್ತು. ಪ್ರತಿ ಚೌಕಟ್ಟಿಗೂ ಮುದ್ರೆ ಹಾಕುವ ಮ್ಯಾಕ್‌ಸೆಕ್ 2006ರಲ್ಲಿ ಬಂತು, 802.1ಎಕ್ಸ್‌ನ 2010ರ ಆವೃತ್ತಿ ಎರಡನ್ನೂ ಬೆಸೆಯಿತು. ರೇಡಿಯಸ್‌ನ ಹುಳುಕು ಇನ್ನೂ ದೊಡ್ಡದು. ಅದು ಎಂಡಿ5 ಎಂಬ ಲೆಕ್ಕಾಚಾರವನ್ನು ನಂಬಿ ನಿಂತಿತ್ತು. ಎಂಡಿ5 ಮುರಿದದ್ದನ್ನು ಕ್ಸಿಯಾಯುನ್ ವಾಂಗ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದ್ದರು. ಆದರೂ ಇಪ್ಪತ್ತು ವರ್ಷ ಹಾಗೆಯೇ ನಡೆಯಿತು. 2024ರ ಜುಲೈನಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ ದಾಳಿಯನ್ನು ವಿಶ್ವವಿದ್ಯಾಲಯಗಳ, ಕಂಪನಿಗಳ ಸಂಶೋಧಕರು ಸೇರಿ ಪ್ರಕಟಿಸಿದರು: ದಾರಿಯ ನಡುವೆ ಕೂತವರು ಸರ್ವರ್ ಹೇಳಿದ ‘ಬೇಡ’ವನ್ನು ‘ಬಿಡು’ ಎಂದು ತಿದ್ದಬಹುದು, ಗುಪ್ತಪದ ಗೊತ್ತಿರಬೇಕಿಲ್ಲ.

ಆ ವಾರ ನಾನು ಹಳೆಯ ಕಾಲೇಜಿನ ಡಬ್ಬವನ್ನು ನೆನೆದು ಸ್ವಲ್ಪ ಹೆದರಿದೆ. ಇಎಪಿ ಬಳಸುವವರಿಗೆ ಈ ದಾಳಿ ತಾಗುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಲಕೋಟೆಗೂ ಹೆಚ್ಚಿನ ಮುದ್ರೆ ಕಡ್ಡಾಯ. ಆದರೆ ಅದೇ ಸರ್ವರ್‌ನಲ್ಲಿ ಸ್ವಿಚ್‌ಗಳಿಗೆ ಅಡ್ಮಿನ್ ಲಾಗಿನ್ ಕೂಡ ನಡೆಯುತ್ತಿತ್ತು, ಅದು ಇಎಪಿ ಅಲ್ಲ. ಕಾಲೇಜಿಗೆ ಫೋನ್ ಮಾಡಿದೆ. ಗೌಡರು ನಿವೃತ್ತರಾಗಿದ್ದರು, ಹೊಸ ಹುಡುಗಿಯೊಬ್ಬಳು ಎತ್ತಿಕೊಂಡಳು. ‘ಅಪ್‌ಡೇಟ್ ಆಗ್ಲೇ ಹಾಕಿದೀನಿ ಸಾರ್, ಬೆಳಿಗ್ಗೆನೇ ಮೇಲ್ ಬಂದಿತ್ತು,’ ಎಂದಳು. ಸಂಶೋಧಕರು ಮೊದಲೇ ತಯಾರಕರಿಗೆಲ್ಲ ತಿಳಿಸಿದ್ದರಿಂದ ಫ್ರೀರೇಡಿಯಸ್‌ನಂತೆಯೇ ಬೇರೆ ಬೇರೆ ಕಂಪನಿಗಳಿಂದಲೂ ತಿದ್ದುಪಡಿಗಳು ಹೊರಬಂದಿದ್ದವು. ಒಂದೇ ಕಂಪನಿಯ ಮುಚ್ಚಿದ ಭಾಷೆಯಾಗಿದ್ದರೆ ಈ ಹುಳುಕನ್ನು ಹುಡುಕಿಕೊಂಡು ಕೂರುವವರು ಇಷ್ಟು ಜನ ಇರುತ್ತಿರಲಿಲ್ಲ. ರೇಡಿಯಸ್ ಅನ್ನು ಟಿಎಲ್‌ಎಸ್ ಸುರಂಗದೊಳಗೆ ಕಳಿಸುವ ಆರ್‌ಎಫ್‌ಸಿ 6614 ಅಂತೂ 2012ರಿಂದಲೇ ಇತ್ತು. ಎಡುರೋಮ್‌ನಲ್ಲಿ ಅದು ವರ್ಷಗಳಿಂದ ಬಳಕೆಯಲ್ಲಿದೆ, ಉಳಿದವರೂ ಈಗಲಾದರೂ ಅತ್ತ ಹೊರಳಬೇಕು.

ಆ ಹುಡುಗಿಗೆ ಬೇರೆಯೇ ಒಂದು ಚಿಂತೆಯಿತ್ತು. ಹೊಸದಾಗಿ ಇಪ್ಪತ್ತು ಕ್ಯಾಮೆರಾ ಕೊಳ್ಳಲು ಟೆಂಡರ್ ಕರೆಯುತ್ತಿದ್ದರು, ಅದರಲ್ಲಿ ಏನು ಬರೆಯಬೇಕೆಂದು ಕೇಳಿದಳು. 802.1ಎಕ್ಸ್ ಬರಬೇಕು, ಇಎಪಿ-ಟಿಎಲ್‌ಎಸ್ ಸಮೇತ ಎಂದು ಒಂದು ಸಾಲು ಸೇರಿಸಲು ಹೇಳಿದೆ. ‘ಅದಿಲ್ದೆ ಇರೋದು ಸ್ವಲ್ಪ ಕಮ್ಮಿಗೆ ಸಿಗುತ್ತೆ ಅಂತಾರಲ್ಲ ಸಾರ್?’ ಎಂದಳು. ಸಿಗುತ್ತದೆ ಎಂದೆ. ಆ ಕಡೆ ಅವಳು ಬರೆದುಕೊಳ್ಳುತ್ತಿದ್ದ ಸದ್ದು ಕೇಳಿಸಿತು, ಆಮೇಲೆ ಸ್ಪೆಲ್ಲಿಂಗ್ ಸರಿಯಾಗಿದೆಯೇ ಎಂದು ಒಂದೊಂದೇ ಅಕ್ಷರ ಓದಿ ಹೇಳಿದಳು.